ಮೇ ತಿಂಗಳಲ್ಲಿ ಆರಿಸಿ, ಆಷಾಢದಲ್ಲಿ ಹಚ್ಚಿದ ಹೂದೋಟ

ಕಲಬುರಗಿಯ ಕಪ್ಪು ಎರೆಮಣ್ಣಿನಲ್ಲಿ, ಈ ಬಿಸಿಲಿನಲ್ಲಿ ಹೂದೋಟ ಉಳಿಯೋದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಪಕ್ಕದ ಮನೆಯವರು ಹೇಳಿದರು, ಗಿಡ ಮಾರುವವರೂ ಹೇಳಿದರು. ನಮ್ಮ ಓಣಿಯ ಮಾಲಿಯಂತೂ, "ಅಕ್ಕಾರ, ನೀರಿಗೆ ರೊಕ್ಕ ಸುರದು ಸುರದು ಸಾಕಾಗ್ತದ್ರಿ, ಫರ್ಸಿ ಹಾಸಿ ಬಿಡ್ರಿ" ಅಂದಿದ್ದ. ಈ ವರ್ಷ ಮೇ ತಿಂಗಳಲ್ಲಿ 43 ಡಿಗ್ರಿ ಮುಟ್ಟಿದ ವಾರದಲ್ಲೂ ಅಂಗಳದಲ್ಲಿ ಹತ್ತು–ಹನ್ನೆರಡು ಜಾತಿ ಹೂ ಇತ್ತು. ಇಡೀ ಬೇಸಿಗೆಗೆ ಟ್ಯಾಂಕರ್ ತರಿಸಿದ್ದು ಒಂದೆರಡು ಸಲ ಅಷ್ಟೇ. ಅದೇ ಮಾಲಿ ಈಗ ನನ್ನ ಹತ್ತಿರ ಕಣಗಿಲೆ ಕಡ್ಡಿ ಒಯ್ಯುತ್ತಾನೆ. ಹಾಗಾಗಿ ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ.

ಜಾಗ ದೊಡ್ಡದೇನಲ್ಲ. ಮನೆಯ ಮುಂದೆ ಮತ್ತು ಬಲಕ್ಕೆ ಸೇರಿ ಸುಮಾರು 900 ಚದರಡಿ, ಪಶ್ಚಿಮಕ್ಕೆ ಮುಖ. ಓಡಾಡುವ ಕಡೆ ಶಹಾಬಾದ್ ಫರ್ಸಿ. ಮಧ್ಯಾಹ್ನ ಕಾದ ಕಲ್ಲು ರಾತ್ರಿ ಒಂಬತ್ತರವರೆಗೂ ಬಿಸಿ ಉಗುಳುತ್ತದೆ. ಬೋರಿನ ನೀರು ಗಡಸು, ಬಕೆಟ್ ಅಂಚಿಗೆ ಬಿಳಿ ಪಟ್ಟಿ ಕಟ್ಟುವಂಥದ್ದು. ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಉಳಿದದ್ದು ಗೊತ್ತಾಗುತ್ತದೆ.

ಮೊದಲ ವರ್ಷ ಎಲ್ಲರೂ ಮಾಡುವ ಹಾಗೆಯೇ ಫೆಬ್ರವರಿ–ಮಾರ್ಚಿನಲ್ಲಿ ಗಿಡ ತಂದು ಹಚ್ಚಿದ್ದು. ಗುಲಾಬಿ, ಇಕ್ಸೋರ, ಅರೆಕಾ ಪಾಮ್, ಬೇಲಿಗೆ ಗೋಲ್ಡನ್ ಡುರಂಟಾ, ಮುಂದೆ ಒಂದು ತುಂಡು ಕಾರ್ಪೆಟ್ ಹುಲ್ಲು. ಎಲ್ಲ ಸೇರಿ 14–15 ಸಾವಿರ. ಮೇಲೆ ಟ್ಯಾಂಕರ್ ನೀರಿಗೆ ಹತ್ತತ್ತಿರ 9 ಸಾವಿರ, ಹಸಿರು ಶೇಡ್‌ನೆಟ್ಟಿಗೆ ಮತ್ತೆ ಮೂರು. ಜೂನ್ ಹೊತ್ತಿಗೆ ಮುಕ್ಕಾಲು ಪಾಲು ಹೋಗಿತ್ತು. ಇಕ್ಸೋರದ್ದು ಬಿಸಿಲಿನ ಸಾವಲ್ಲ. ನಮ್ಮ ಮಣ್ಣಿನ ಸುಣ್ಣಕ್ಕೆ ಅದಕ್ಕೆ ಕಬ್ಬಿಣ ಸಿಗೋದಿಲ್ಲ. ನರ ಹಸಿರು, ಎಲೆ ಹಳದಿ. ಫೆರಸ್ ಸಲ್ಫೇಟಿಗೆ ಚೂರು ನಿಂಬೆಹುಳಿ ಉಪ್ಪು (ಸಿಟ್ರಿಕ್ ಆಸಿಡ್) ಬೆರೆಸಿ ಸಿಂಪಡಿಸಿದರೆ ತಿಂಗಳು ಹಸಿರಾಗುತ್ತಿತ್ತು, ಮತ್ತೆ ಅದೇ ಕತೆ. ಜೀವನಪೂರ್ತಿ ಔಷಧ ಬೇಡುವ ಗಿಡ ನನಗೆ ಬೇಡ.

ನನ್ನ ಕಣ್ಣು ತೆರೆಸಿದ್ದು ಸತ್ತ ಗುಲಾಬಿಗಳು. ಕಿತ್ತು ನೋಡಿದರೆ ಚೀಲದಲ್ಲಿದ್ದ ಕೆಂಪು ಮಣ್ಣಿನ ಮುದ್ದೆ ಹಾಗೇ ಇದೆ, ಇಟ್ಟಂಗಿಯಷ್ಟು ಗಟ್ಟಿ. ಬೇರು ಅದರೊಳಗೇ ಸುತ್ತು ಹಾಕಿಕೊಂಡಿದೆ, ಒಂದು ಎಳೆಯೂ ನಮ್ಮ ಕಪ್ಪು ಮಣ್ಣಿಗೆ ಇಳಿದಿಲ್ಲ. ಮುದ್ದೆಗೂ ಎರೆಗೂ ನಡುವೆ ಬೆರಳು ಹೋಗುವಷ್ಟು ಸಂದು. ನಾನು ಹಾಕಿದ ನೀರೆಲ್ಲ ಆ ಸಂದಿನಲ್ಲಿ ಇಳಿದು ಹೋಗುತ್ತಿತ್ತು, ಮುದ್ದೆಯೊಳಗೆ ಒಣ ಪುಡಿ. ನಮ್ಮಲ್ಲಿ ಮಾರುವ ಗಿಡ ಬಹಳಷ್ಟು ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬರುತ್ತವೆ. ಅಲ್ಲಿ ಗೋದಾವರಿ ನೀರು, ತೇವದ ಗಾಳಿ. ಅಲ್ಲಿ ಬೆಳೆದದ್ದನ್ನು ಮಾರ್ಚಿನಲ್ಲಿ ಎರೆಗೆ ಇಟ್ಟರೆ ಬೇರು ಬಿಡಲು ಅದಕ್ಕೆ ಸಮಯವೇ ಇಲ್ಲ. ಈಗ ಕೊಂಡು ತರುವ ಗಿಡವಿದ್ದರೆ ಬಕೆಟ್ಟಿನಲ್ಲಿ ನೆನೆಸಿ ಅರ್ಧಕ್ಕಿಂತ ಹೆಚ್ಚು ಕೆಂಪು ಮಣ್ಣು ತೊಳೆದು, ಸುತ್ತಿದ ಬೇರು ಬಿಡಿಸಿ ಹಚ್ಚುತ್ತೇನೆ. ಅದೂ ಮಳೆಗಾಲದಲ್ಲಿ ಮಾತ್ರ.

ಆರಿಸುವ ವಿಧಾನ ಹೀಗೆ. ಮೇ ತಿಂಗಳಲ್ಲಿ, ಮಧ್ಯಾಹ್ನ ಮೂರಕ್ಕೆ, ತಲೆಗೆ ಟವೆಲ್ ಸುತ್ತಿಕೊಂಡು ಊರು ಸುತ್ತುತ್ತೇನೆ. ಯಾರೂ ನೀರು ಹಾಕದ ಜಾಗಗಳೇ ನನಗೆ ಬೇಕು: ಬೀಗ ಹಾಕಿದ ಕ್ವಾರ್ಟರ್ಸು, ಹಳೇ ಸರ್ಕಾರಿ ಕಚೇರಿಗಳ ಕಾಂಪೌಂಡು, ರಸ್ತೆ ನಡುವಿನ ಡಿವೈಡರ್, ಗೋರಿಗಳ ಸುತ್ತಮುತ್ತ. ಎಲೆ ಎತ್ತಿ ನಿಂತ ಗಿಡವನ್ನು ಗುರುತು ಮಾಡಿಕೊಳ್ಳುತ್ತೇನೆ. ಮಧ್ಯಾಹ್ನ ಬಾಡಿದ್ದನ್ನೂ ತಳ್ಳಿಹಾಕೋದಿಲ್ಲ, ಬೆಳಿಗ್ಗೆ ಆರಕ್ಕೆ ಮತ್ತೆ ಹೋಗಿ ನೋಡುತ್ತೇನೆ. ರಾತ್ರಿಯಲ್ಲಿ ಚೇತರಿಸಿಕೊಂಡು ನೆಟ್ಟಗಾಗಿದ್ದರೆ ಅದು ನನ್ನ ಪಟ್ಟಿಗೆ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಬಿಟ್ಟೆ. ಜುಲೈಯಲ್ಲಿ ಹೋಗಿ, ಮಾಲೀಕರಿದ್ದರೆ ಕೇಳಿ, ಕಡ್ಡಿ ತರುತ್ತೇನೆ. ಗಿಡಕ್ಕೆ ಖರ್ಚು ಸೊನ್ನೆ. ಈ ಊರಿನ ಬಿಸಿಲು ತಿಂದು ಬದುಕಿದ ಗಿಡದ ಕಡ್ಡಿ, ಈ ಊರಿನ ಮಣ್ಣಿನಲ್ಲೇ ಮೊದಲ ಬೇರು ಬಿಟ್ಟರೆ ಮುಂದಿನದು ಸಲೀಸು.

ಹೀಗೆ ಉಳಿದವುಗಳಲ್ಲಿ ಮೊದಲ ಸ್ಥಾನ ಕಣಗಿಲೆಗೆ. ಪಶ್ಚಿಮದ ಗೋಡೆಗೆ ತಾಗಿ ಗುಲಾಬಿ, ಬಿಳಿ ಎರಡೂ ಇವೆ. ಎರಡನೇ ಬೇಸಿಗೆಗೇ ನೆರಳು ಕೊಡುವಷ್ಟು ಎತ್ತರ ಬಂದವು. ಇದರ ಎಲ್ಲ ಭಾಗವೂ ವಿಷ, ದನ–ಮಕ್ಕಳ ಕೈಗೆ ಸಿಗದ ಕಡೆ ಹಚ್ಚಿ, ಕತ್ತರಿಸಿದ ಕಡ್ಡಿ ಒಲೆಗೆ ಹಾಕಬೇಡಿ. ಎಸಳು ಕಟ್ಟುಕಟ್ಟಾಗಿರುವ ಒಂದು ಬಿಳಿ ಕಣಗಿಲೆ ಊರಲ್ಲಿ ಒಂದೇ ಕಡೆ ಸಿಕ್ಕಿತು. ಎಲ್ಲಿ ಅನ್ನೋದು ನನ್ನ ಹತ್ತಿರವೇ ಇರಲಿ.

ಕಾಗದದ ಹೂವಿನಲ್ಲಿ (ಬೋಗನ್‌ವಿಲ್ಲಾ) ಮಹಾರಾ, ಥಿಮ್ಮ ಅನ್ನುವ ತಳಿಗಳು ಮತ್ತು ಹೆಸರು ಗೊತ್ತಿಲ್ಲದ ಹಳೇ ನೇರಳೆ ಬಣ್ಣದ್ದು ಇವೆ. ನೇರಳೆಯದ್ದೇ ಗಟ್ಟಿ. ಇದಕ್ಕೆ ನೀರು ಹೆಚ್ಚಾದರೆ ಬರೀ ಎಲೆ, ಕಡಿಮೆಯಾದರೆ ಹೂ. ಜನವರಿಯಿಂದ ನೀರು ನಿಲ್ಲಿಸಿ, ತುದಿ ಎಲೆ ಜೋತು ಬಿದ್ದಾಗ ಮಾತ್ರ ಒಂದು ಕೊಡ ಹಾಕುತ್ತೇನೆ. ಹೂ ಕಾಣುವ ಮುಂಚೆ ನಾನು ಬುಡಕ್ಕೆ ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯೋದಿಲ್ಲ; ಮನೆಗೆ ಬಂದವರಿಗೆ ತೋರಿಸುತ್ತೇನೆ.

ದಾಸವಾಳದಲ್ಲಿ ಒಂಟಿ ಎಸಳಿನ ಹಳೇ ಕೆಂಪು ಮಾತ್ರ. ದೊಡ್ಡ ಹೂವಿನ ಹೈಬ್ರಿಡ್ಡು ಏಪ್ರಿಲ್‌ನಲ್ಲಿ ಮೊಗ್ಗು ಉದುರಿಸಿ ಮೈತುಂಬ ಬಿಳಿ ಹಿಟ್ಟು ತಿಗಣೆ ಹತ್ತಿಸಿಕೊಳ್ಳುತ್ತದೆ. ಸದಾಪುಷ್ಪವೂ ಹಾಗೇ: ಹಳೇ ಜಾತಿಯದ್ದು ಫರ್ಸಿ ಸಂದಿನಲ್ಲಿ ತಾನೇ ಹುಟ್ಟಿ ಹೂ ಬಿಡುತ್ತದೆ, ಕುಂಡದ ಬಣ್ಣಬಣ್ಣದ್ದು ಎರೆಯಲ್ಲಿ ಮೊದಲ ಜೋರು ಮಳೆಗೇ ಕೊಳೆಯುತ್ತದೆ. ದೇವಕಣಗಿಲೆ ಕಡ್ಡಿಯನ್ನು ನೆರಳಲ್ಲಿ ಒಂದು ವಾರ ಒಣಗಿಸಿ, ಹಾಲು ನಿಂತ ಮೇಲೆ ಊರಬೇಕು, ಹಸಿಯಾಗಿ ಊರಿದರೆ ಕೊಳೆಯುತ್ತದೆ. ಬೇಲಿಗೆ ಡುರಂಟಾ ಕಿತ್ತು ಮದರಂಗಿ ಹಾಕಿದೆ, ಈಗ ಎದೆಯುದ್ದ ಇದೆ. ಹಳದಿ ಟೆಕೋಮಾ, ರಂಗೂನ್ ಬಳ್ಳಿ, ಟೇಬಲ್ ರೋಸ್, ಅಡೇನಿಯಂ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವು ಯಾರ ಕೈಯಲ್ಲೂ ಸುಲಭಕ್ಕೆ ಸಾಯುವುದಿಲ್ಲ. ಕಾರ್ಪೆಟ್ ಹುಲ್ಲಿನ ಜಾಗಕ್ಕೆ ಕರಕಿ (ಗರಿಕೆ) ಬಂದಿದೆ. ಮೇ ತಿಂಗಳಲ್ಲಿ ಒಣಗಿ ಕಂದಾಗುತ್ತದೆ, ನಾನು ಒಂದು ಹನಿ ಹಾಕುವುದಿಲ್ಲ. ಮೊದಲ ಮಳೆ ಬಿದ್ದ ವಾರದೊಳಗೆ ಹಸಿರು.

ಮಲ್ಲಿಗೆ ವಿಷಯ ಸ್ವಲ್ಪ ಬೇರೆ. ದುಂಡುಮಲ್ಲಿಗೆಗೆ ನೀರು ಬೇಕು, ಆದರೆ ಬೇಸಿಗೆಯಲ್ಲೇ ಹೂ ಕೊಡುವ ಗಿಡವಾದ್ದರಿಂದ ಬಿಡಲಿಕ್ಕೆ ಮನಸ್ಸಿಲ್ಲ. ಬಚ್ಚಲ ನೀರು ಹೋಗುವ ದಾರಿಗೆ ಆರು ಬುಡ ಹಚ್ಚಿದೆ. ಡಿಸೆಂಬರ್ ಪೂರ್ತಿ ಆ ನೀರನ್ನು ಬೇರೆ ಕಡೆ ತಿರುಗಿಸಿ ಬುಡ ಒಣಗಿಸುತ್ತೇನೆ, ಸಂಕ್ರಾಂತಿ ಹೊತ್ತಿಗೆ ಮೊಣಕಾಲೆತ್ತರಕ್ಕೆ ಕತ್ತರಿಸಿ, ಉಳಿದ ಎಲೆ ತರಿದು, ತಿಪ್ಪೆಗೊಬ್ಬರ ಕೊಟ್ಟು ನೀರು ಬಿಡುತ್ತೇನೆ. ಯುಗಾದಿಗೆ ಮೊಗ್ಗು ಶುರು. ಲಗ್ನದ ಹಂಗಾಮಿನಲ್ಲಿ ಪೇಟೆಯಲ್ಲಿ ಮೊಳಕ್ಕೆ 40 ರೂಪಾಯಿ ಇದ್ದಾಗ ನಮ್ಮ ಮನೆಯಿಂದ ಮೂರು ಮನೆಗೆ ಹೂ ಹೋಗುತ್ತಿತ್ತು.

ನೀರಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಜುಲೈನಲ್ಲಿ ಹಚ್ಚಿದ್ದಕ್ಕೆ ಮಳೆ ಬಾರದ ವಾರ ಎರಡು ಸಲ. ಅಕ್ಟೋಬರಿನಿಂದ ಎಂಟು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ಪ್ರತಿ ಸಲ ಪಾತಿಯನ್ನು ಬುಡದಿಂದ ಒಂದು ಗೇಣು ಹೊರಗೆ ಸರಿಸುತ್ತ ಹೋಗುವುದು, ಬೇರು ನೀರು ಹುಡುಕಿಕೊಂಡು ಹೋಗಲಿ ಅಂತ. ಮಾರ್ಚಿನಿಂದ ಹತ್ತು ದಿನಕ್ಕೊಮ್ಮೆ, ದೊಡ್ಡ ಗಿಡಕ್ಕೆ 20 ಲೀಟರ್, ಸೂರ್ಯ ಮುಳುಗಿದ ಮೇಲೆ. ದಿನಾ ಒಂದು ಚೊಂಬು ಹಾಕಿ ಬೇರನ್ನು ಮೇಲೆಯೇ ಇಟ್ಟುಕೊಂಡವರ ಗಿಡಗಳೇ ಮೊದಲು ಸಾಯುವುದು, ಇದನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ.

ಎರೆಯ ಇನ್ನೊಂದು ಕಾಟ ಬಿರುಕು. ಮಣ್ಣು ಬಿರಿದಾಗ ಬೇರು ಹರಿಯುತ್ತದೆ, ಬಿರುಕಿನೊಳಗಿಂದ ತೇವ ಹಾರುತ್ತದೆ. ಹಿಂಗಾರಿ ಜೋಳಕ್ಕೆ ರೈತರು ಎಡೆ ಹೊಡೆದು ಮೇಲ್ಮಣ್ಣು ಸಡಿಲ ಮಾಡಿ ಬಿರುಕು ಮುಚ್ಚುತ್ತಾರಲ್ಲ, ಅದನ್ನೇ ನಾನು ಕಳೆ ತೆಗೆಯುವ ಕುರ್ಚಿಗೆಯಲ್ಲಿ ಮಾಡುತ್ತೇನೆ, ಹೋಳಿ ಹುಣ್ಣಿಮೆಯ ಆಸುಪಾಸಿಗೆ ಶುರು. ಮೇಲೆ ನಾಲ್ಕು ಬೆರಳು ತೊಗರಿ ಹೊಟ್ಟು. ದಾಲ್ ಮಿಲ್ಲಿನಲ್ಲಿ ದನದ ಮೇವಿಗೆ ಮಾರುತ್ತಾರೆ, ಹಾಳಾದ ಚೀಲ ಕೇಳಿದರೆ ಅಗ್ಗಕ್ಕೆ ಸಿಗುತ್ತದೆ. ಗೆದ್ದಲು ಬಂದೇ ಬರುತ್ತದೆ. ಹೊಟ್ಟಿನ ಕೆಳಗೆ ಬೇವಿನ ಹಿಂಡಿ ಉದುರಿಸಿದರೆ ಮತ್ತು ಹೊಟ್ಟು ಕಾಂಡಕ್ಕೆ ತಾಗದಂತೆ ಬಿಟ್ಟರೆ ಹಾನಿ ಕಡಿಮೆ.

ನಡುವೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಬುಡದಲ್ಲಿ ಮಣ್ಣಿನ ಗಡಿಗೆ ಹೂತು ನೀರು ತುಂಬಿಸಿದೆ. ಒಂದು ಬೇಸಿಗೆ ಚೆಂದ ಒಸರಿತು, ಮರುವರ್ಷ ಗಡಸು ನೀರಿನ ಉಪ್ಪಿಗೆ ರಂಧ್ರ ಮುಚ್ಚಿ ಗಡಿಗೆಯಲ್ಲೇ ನೀರು ನಿಂತಿತು. ಮಳೆನೀರು ಇರುವವರು ಮಾಡಬಹುದು. ನೀರು ಹೀರಿ ಹಿಡಿದಿಡುವ ಹೈಡ್ರೋಜೆಲ್ ಪುಡಿ ತರಿಸಿದೆ, 600–700 ರೂಪಾಯಿ ಹೋಯಿತು. ಕುಡಿಯುವ ನೀರಿನಲ್ಲಿ ಚೆನ್ನಾಗಿ ಉಬ್ಬಿದ ಪುಡಿ ಬೋರಿನ ನೀರಿನಲ್ಲಿ ಅರ್ಧವೂ ಉಬ್ಬಲಿಲ್ಲ. ಲಾಭ ಆದದ್ದು ಸುಣ್ಣದಿಂದ. ಕಪ್ಪು ಪ್ಲಾಸ್ಟಿಕ್ ಚೀಲ, ಮಣ್ಣಿನ ಕುಂಡ, ಸುಣ್ಣ ಬಳಿದ ಮಣ್ಣಿನ ಕುಂಡ, ಮೂರನ್ನೂ ಒಂದೇ ಗೋಡೆಗೆ ಇಟ್ಟು ಮಧ್ಯಾಹ್ನ ಥರ್ಮಾಮೀಟರ್ ಚುಚ್ಚಿದೆ. ಚೀಲದೊಳಗೆ 50ರ ಹತ್ತಿರ, ಸುಣ್ಣದ ಕುಂಡದಲ್ಲಿ 39–40. ಅದಾದ ಮೇಲೆ ಕಪ್ಪು ಚೀಲ ಮನೆಯಲ್ಲಿಲ್ಲ. ಶೇಡ್‌ನೆಟ್ ಕೂಡ ಮಾರಿಬಿಟ್ಟೆ.

ಈಗಿನ ಖರ್ಚು ವರ್ಷಕ್ಕೆ ಎರಡೂವರೆ ಸಾವಿರದೊಳಗೆ: ಗೊಬ್ಬರ, ಹಿಂಡಿ, ಹೊಟ್ಟು, ಟ್ಯಾಂಕರ್. ಕಳೆದ ಮಳೆಗಾಲದಲ್ಲಿ ಬೇರು ಬಿಟ್ಟ ಕಡ್ಡಿ ಮಾರಿ ಅದಕ್ಕಿಂತ ಹೆಚ್ಚೇ ಬಂತು. ಇಬ್ಬರ ಮನೆಗೆ ತೋಟವನ್ನೂ ಮಾಡಿಕೊಟ್ಟೆ. ಒಬ್ಬರು ಬೇಸಿಗೆಗೆ ಮುಂಚೆ ಗೃಹಪ್ರವೇಶ, ಮಾರ್ಚಿನಲ್ಲೇ ಹಚ್ಚಿ ಕೊಡ್ರಿ ಅಂತ ದುಪ್ಪಟ್ಟು ರೊಕ್ಕ ಹೇಳಿದರು, ನಾನು ಒಪ್ಪಲಿಲ್ಲ. ಮಣ್ಣಿನ ಕುಂಡದಲ್ಲಿ ಅಡೇನಿಯಂ ಇಟ್ಟು ಶಾಸ್ತ್ರ ಮುಗಿಸಿ, ನೆಲಕ್ಕೆ ಆಷಾಢದಲ್ಲಿ ಇಳಿಯೋಣ ಅಂದೆ. ಒಪ್ಪಿದರು.

ಈ ಸಲ ಕೈ ಹಾಕಿರುವುದು ತಂಗಡಿ (ಆವರಿಕೆ) ಗಿಡಕ್ಕೆ. ಊರ ಹೊರಗೆ ಮೊರಡಿಯಲ್ಲಿ, ಕುರಿಯೂ ಮುಟ್ಟದೆ, ಹಳದಿ ಹೂ ಹೊತ್ತು ನಿಲ್ಲುವ ಗಿಡವನ್ನು ಇಲ್ಲಿನ ಯಾವ ನರ್ಸರಿಯೂ ಇಟ್ಟಿಲ್ಲ ಅನ್ನೋದು ನನಗೆ ಬಹಳ ದಿನದ ಬೇಸರ. ಬೀಜದ ಸಿಪ್ಪೆ ಗಟ್ಟಿ; ಹಾಗೇ ಬಿತ್ತಿದ್ದರಲ್ಲಿ ಬೆರಳೆಣಿಕೆಯಷ್ಟು ಹುಟ್ಟಿದವು, ಮರಳು ಕಾಗದಕ್ಕೆ ಉಜ್ಜಿ ರಾತ್ರಿ ನೆನೆಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು. ಬೇರು ಬೇಗ ಕೆಳಗಿಳಿಯುವ ಗಿಡ, ಚೀಲದಲ್ಲಿ ಬಹಳ ದಿನ ಇಡಬಾರದು. ನಾಲ್ಕೆಲೆ ಬಂದ ಕೂಡಲೇ ನೆಲಕ್ಕೆ. ಮುಂಭಾಗದ ಕಾಂಪೌಂಡ್ ಉದ್ದಕ್ಕೂ ಗುಣಿ ತೆಗೆಸಿದ್ದೇನೆ, ಬೀಜ ಇನ್ನೂ ಒಂದು ಡಬ್ಬಿ ಉಳಿದಿದೆ.