ಹಂದಿ ಕುಂಟೋದು ನಿಂತಿದ್ದು ಹೇಗೆ – ನನ್ನ ಅನುಭವ

ದಾವಣಗೆರೆ ಸುತ್ತ ಮೆಕ್ಕೆಜೋಳ ಧಾರಾಳ ಸಿಗುತ್ತಲ್ಲ, ನಮ್ಮ ಶೆಡ್ಡಲ್ಲೂ ಹಂದಿಗಳಿಗೆ ಹೆಚ್ಚಾಗಿ ಅದರ ನುಚ್ಚು, ಜೊತೆಗೆ ಹೋಟೆಲ್ ಮುಸುರೆ. ಬೆಳೆಯೋ ಮರಿಗಳು ಹಿಂಗಾಲು ಎಳ್ಕೊಂಡು ನಡೆಯೋಕೆ ಶುರು ಮಾಡಿದ್ವು, ಕೆಲವು ಏಳೋಕೇ ಒಲ್ಲವು, ನಾಯಿ ಕೂತಂಗೆ ಕೂತುಬಿಡೋವು.

ಡಾಕ್ಟ್ರು ಬಂದು ಮೊದಲು ಜ್ವರ ನೋಡಿದ್ರು, ಕೀಲು ಊದಿದ್ಯಾ ಬಿಸಿ ಇದ್ಯಾ ಅಂತ ಮುಟ್ಟಿ ನೋಡಿದ್ರು, ಯಾಕಂದ್ರೆ ಸೋಂಕಿನಿಂದ ಕೀಲು ಬಾತ್ರೆ ಬೇಗ ಇಂಜೆಕ್ಷನ್ ಬೇಕಂತೆ, ಮೈಮೇಲೆ ಚೌಕಾಕಾರದ ಕೆಂಪು ಮಚ್ಚೆ ಎದ್ದಿದ್ರೆ ಎರಿಸಿಪೆಲಸ್ ಅನ್ನೋ ಬೇರೆ ರೋಗ. ನಮ್ಮಲ್ಲಿ ಎರಡೂ ಇರ್ಲಿಲ್ಲ. ಮೆಕ್ಕೆಜೋಳದಲ್ಲಿ ಕ್ಯಾಲ್ಸಿಯಂ ತೀರಾ ಕಮ್ಮಿ, ಅದರಲ್ಲಿರೋ ರಂಜಕಾನೂ ಬಹುಪಾಲು ಹಂದಿಗೆ ದಕ್ಕಲ್ಲ, ಮೂಳೆ ಮೆತ್ತಗಾಗೋದು ಅದಕ್ಕೇ ಅಂದ್ರು.

ಆಮೇಲೆ ಅವರು ಹೇಳಿದಂಗೆ 100 ಕೆಜಿ ಫೀಡಿಗೆ 2 ಕೆಜಿ ಮಿನರಲ್ ಮಿಕ್ಸ್ಚರ್ (ಕ್ಯಾಲ್ಸಿಯಂ, ರಂಜಕ ಎಲ್ಲಾ ಇರೋ ಖನಿಜದ ಪುಡಿ) ಕಲಸಿದ್ವಿ, ಸೋಯಾ ಹಿಂಡಿ ಸೇರಿಸಿದ್ವಿ, ಬೆಳಿಗ್ಗೆ ಬಿಸಿಲಿಗೆ ಬಿಟ್ವಿ (ವಿಟಮಿನ್ ಡಿಗೆ, ನಮ್ಮೂರಲ್ಲಿ ಬಿಸಿಲಿಗೇನು ಬರ!). ಜಾರೋ ನೆಲಕ್ಕೆ ಭತ್ತದ ಹೊಟ್ಟು ಹಾಸಿದ್ವಿ, ಇದು ಬರೀ ಔಷಧಿಗಿಂತ ಮುಖ್ಯ ಅಂತ ನನಗನ್ಸುತ್ತೆ. ಬರ್ತಾ ಬರ್ತಾ ಎದ್ದು ಓಡಾಡಿದ್ವು. ಕಾಲು ಪೂರ್ತಿ ಸೊಟ್ಟಗಾಗಿದ್ದವು ಮಾತ್ರ ನೆಟ್ಟಗಾಗಲಿಲ್ಲ, ಅವನ್ನ ತಳಿಗೆ ಇಟ್ಕೊಳ್ಳದೆ ಮಾರಿಬಿಟ್ವಿ.