ಪುಟ್ಟ ಕಂಪ್ಯೂಟರ್ ಕಟ್ಟುವ ಮುನ್ನ ಪ್ಲಗ್ ಪಾಯಿಂಟ್ ನೋಡಿ

"ಮನೆಗೊಂದು ಕಂಪ್ಯೂಟರ್ ಅಸೆಂಬಲ್ ಮಾಡ್ಬೇಕು, ಎಷ್ಟಾಗ್ತದೆ ಮಾರಾಯ್ರೆ?" ಅಂತ ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: ಎಲ್ಲಿ ಇಡ್ತೀರಿ? ಪ್ರೊಸೆಸರ್ ಮಾತು ಆಮೇಲೆ. ನಾನು ಕಂಡ ಮಟ್ಟಿಗೆ ಮಂಗಳೂರು, ಉಡುಪಿ ಕಡೆ ಕಂಪ್ಯೂಟರ್ ಹಳತಾಗಿ ಕೆಡುವುದು ಕಮ್ಮಿ. ಸಿಡಿಲಿಗೆ, ತೇವಕ್ಕೆ ಕೆಡುವುದೇ ಜಾಸ್ತಿ.

ಹಾಗಾಗಿ ಮೊದಲ ಹೆಜ್ಜೆ ಜಾಗ. ಮಳೆಗಾಲದಲ್ಲಿ ಬೆವರುವ ಗೋಡೆಗೆ ತಾಗಿಸಿ ಇಡಬೇಡಿ, ನೆಲದ ಮೇಲಂತೂ ಬೇಡ. ಅಲ್ಲಿನ ಪ್ಲಗ್ ಪಾಯಿಂಟ್‌ಗೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಹಳೇ ಹೆಂಚಿನ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಎಷ್ಟೋ ಸಲ ಒಳಗೆ ಅರ್ಥ್ ವಯರೇ ಇರುವುದಿಲ್ಲ. ಕಂಪ್ಯೂಟರಿನ ಡಬ್ಬ, ಅಂದರೆ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಸಣ್ಣಗೆ ಜುಂ ಅನ್ನುತ್ತದಲ್ವಾ, ಅದು ಇದರಿಂದಲೇ.

ಆಮೇಲೆ ಏನೇನು ಕೆಲಸ ಅಂತ ಕಾಗದದಲ್ಲಿ ಬರೆಯಿರಿ. ಮಕ್ಕಳ ಪ್ರಾಜೆಕ್ಟ್, ಅಂಗಡಿ ಲೆಕ್ಕ, ಯೂಟ್ಯೂಬ್ ಇಷ್ಟೇ ಆದರೆ ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಸಾಕು. ಇಲ್ಲಿ ಹೆಸರಿನ ಕೊನೆಯ ಅಕ್ಷರ ಮುಖ್ಯ. ಎಎಂಡಿ ಕಂಪನಿಯ ರೈಜೆನ್ 5 5600ಜಿ ಆದರೆ ಮಾನಿಟರ್‌ಗೆ ನೇರವಾಗಿ ಚಿತ್ರ ಬರುತ್ತದೆ, ಬರೀ 5600 ಆದರೆ ಇಲ್ಲ. ಇಂಟೆಲ್‌ನಲ್ಲಿ ಐ3 12100 ಸರಿ, 12100ಎಫ್ ಬೇಡ. ಅಗ್ಗ ಅಂತ ಎಫ್ ತಂದು ಕಪ್ಪು ಪರದೆ ನೋಡುತ್ತಾ ಕೂತವರು ನಮ್ಮ ಬೀದಿಯಲ್ಲೇ ಇದ್ದಾರೆ.

ಪುಟ್ಟದು ಅಂದ ಕೂಡಲೇ ಎಲ್ಲರೂ ಮಿನಿ ಐಟಿಎಕ್ಸ್ ಕೇಳುತ್ತಾರೆ. ಅದು 17 ಸೆಂಟಿಮೀಟರ್ ಚೌಕದ ಮದರ್ ಬೋರ್ಡ್, ಉಳಿದ ಭಾಗಗಳನ್ನೆಲ್ಲ ಜೋಡಿಸುವ ಹಲಗೆ, ನೋಡಲು ಚೆಂದ. ಆದರೆ ಬೋರ್ಡೂ ದುಬಾರಿ, ಕ್ಯಾಬಿನೆಟ್ಟೂ ದುಬಾರಿ. 24.4 ಸೆಂಟಿಮೀಟರ್‌ನ ಮೈಕ್ರೋ ಎಟಿಎಕ್ಸ್ ತೆಗೆದುಕೊಂಡು ಉಳಿದ ದುಡ್ಡನ್ನು ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್‌ಗೆ ಹಾಕಿ. 5600ಜಿಗೆ ಎ520 ಬೋರ್ಡ್ ಧಾರಾಳ. ಅದರ ಬಯಾಸ್, ಅಂದರೆ ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್, ಈ ಪ್ರೊಸೆಸರನ್ನು ಗುರುತಿಸುತ್ತದಾ ಅಂತ ಮಾತ್ರ ಅಂಗಡಿಯಲ್ಲೇ ಕೇಳಿ.

ರ್‍ಯಾಮ್ 16 ಜಿಬಿಯ ಒಂದೇ ಕಡ್ಡಿ ಬೇಡ, 8 ಜಿಬಿಯ ಎರಡು ತನ್ನಿ. ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದು ಇದೇ ರ್‍ಯಾಮ್ ಸಾಲ ಪಡೆದು. ಎರಡು ಕಡ್ಡಿ ಇದ್ದರೆ ಎರಡು ದಾರಿಯಲ್ಲಿ ಡೇಟಾ ಓಡುತ್ತದೆ. 2025ರ ಕೊನೆಯಿಂದ ರ್‍ಯಾಮ್ ಬೆಲೆ ವಿಪರೀತ ಏರಿದೆ, ಹಳೇ ವಿಡಿಯೋ ನೋಡಿ ಬಜೆಟ್ ಹಾಕಿದರೆ ಮೋಸ ಹೋಗುತ್ತೀರಿ. ಫೈಲ್ ಇಡಲು 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಸಾಕು. 5600ಜಿ ಅದನ್ನು ಓಡಿಸುವುದು ಮೂರನೇ ತಲೆಮಾರಿನ (ಜೆನ್ 3) ವೇಗದಲ್ಲಿ ಮಾತ್ರ, ನಾಲ್ಕನೇ ತಲೆಮಾರಿನದಕ್ಕೆ ಸುಮ್ನೆ ಜಾಸ್ತಿ ಕೊಡಬೇಡಿ.

ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ನಂಬಬೇಡಿ. ಕರೆಂಟು ಹೆಚ್ಚು ಪೋಲು ಮಾಡದ್ದಕ್ಕೆ ಕೊಡುವ 80 ಪ್ಲಸ್ ಗುರುತಿರುವ 450 ವ್ಯಾಟ್‌ನದು ಕೊಳ್ಳಿ. ಜೊತೆಗೆ 600 ವಿಎ ಯುಪಿಎಸ್. ಕರೆಂಟು ಹೋದಾಗ ಫೈಲ್ ಸೇವ್ ಮಾಡಿ ಬಂದ್ ಮಾಡುವಷ್ಟು ಹೊತ್ತು ಸಿಗುತ್ತದೆ.

ಮಂಗಳೂರಿನ ಹಂಪನಕಟ್ಟೆಯಲ್ಲೋ ಉಡುಪಿ ಪೇಟೆಯಲ್ಲೋ ಒಂದೇ ದಿನ ಎರಡು ಮೂರು ಕಡೆ ಕೊಟೇಶನ್ ಬರೆಸಿ. ಬೆಂಗಳೂರಿನ ಎಸ್‌.ಪಿ. ರೋಡ್ ದರ ಹೇಳಿ ಚೌಕಾಸಿ ಮಾಡಿ, ತಪ್ಪಿಲ್ಲ. ಆದರೆ ಬೋರ್ಡ್ ಕೆಟ್ಟರೆ ಅದನ್ನು ಹೊತ್ತುಕೊಂಡು ಶಿರಾಡಿ ಘಾಟಿ ಹತ್ತುವವರು ಯಾರು? ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ತಪ್ಪದೆ ಪಡೆಯಿರಿ.

ಜೋಡಿಸುವುದು ಕಷ್ಟದ ಕೆಲಸವಲ್ಲ. ಪ್ರೊಸೆಸರ್ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ, ಒತ್ತದೆ ಬಿಡಿ, ತಾನೇ ಕೂರುತ್ತದೆ. ರ್‍ಯಾಮ್ ಮಾತ್ರ ಟಕ್ ಅನ್ನುವವರೆಗೆ ಒತ್ತಬೇಕು. ಜೊತೆಗೆ ಬಂದ ಫ್ಯಾನ್‌ನ ತಳದಲ್ಲಿ ಪೇಸ್ಟ್ ಹಚ್ಚಿಯೇ ಇರುತ್ತದೆ, ಬೆರಳು ತಾಗಿಸಬೇಡಿ. ಪ್ರೊಸೆಸರ್ ಪಕ್ಕದ ಪುಟ್ಟ ಪವರ್ ಕೇಬಲ್ ಹಾಕಲು ಮರೆತರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಬೆಳಗುವುದಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಕಿದರೆ 11ನ್ನೇ ಹಾಕಿ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಬೇಡದ ಮನೆಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಸಾಕು, ಪುಕ್ಕಟೆ.

ಮಳೆ ಜೋರಾದ ಆಟಿ ತಿಂಗಳಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಆನ್ ಮಾಡಿ, ಒಳಗಿನ ತೇವ ಒಣಗಲಿ. ಆನ್ ಆಗದೆ ಬೀಪ್ ಹೊಡೆದರೆ ಪ್ಲಗ್ ತೆಗೆದು, ರ್‍ಯಾಮ್ ಬಿಚ್ಚಿ, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ನೋಡಿ.

ಇನ್ನು ಸಿಡಿಲು. ಮಳೆಗಾಲಕ್ಕೆ ಮುಂಚಿನ ಪತ್ತನಾಜೆ ಹತ್ತಿರದ ಒಂದು ಸಂಜೆ ಗುಡುಗು ಶುರುವಾದಾಗ ನಾನು ಕಂಪ್ಯೂಟರ್ ಪ್ಲಗ್ ಕಿತ್ತು ನಿಶ್ಚಿಂತೆಯಿಂದ ಚಾ ಕುಡಿಯುತ್ತಾ ಕೂತಿದ್ದೆ. ಇಂಟರ್ನೆಟ್ ಫೈಬರ್ ತಾನೇ, ಅದರಲ್ಲಿ ಕರೆಂಟು ಬರುವುದಿಲ್ಲ ಅಂತ ಧೈರ್ಯ. ಆದರೆ ರೂಟರಿನ ಅಡಾಪ್ಟರ್ ಗೋಡೆಯಲ್ಲೇ ಇತ್ತು, ರೂಟರಿನಿಂದ ಕಂಪ್ಯೂಟರಿಗೆ ಲ್ಯಾನ್ ವಯರೂ ಇತ್ತು. ಮರುದಿನ ಕಂಪ್ಯೂಟರ್ ಆನ್ ಆಯಿತು, ಲ್ಯಾನ್ ಪೋರ್ಟಿನ ಹಸಿರು ದೀಪ ಮಾತ್ರ ಹತ್ತಲೇ ಇಲ್ಲ. ಈಗ ಹಿಂದುಗಡೆ ಲ್ಯಾನ್ ವಯರಿಗೆಂದೇ ಒಂದು ಯುಎಸ್‌ಬಿ ಅಡಾಪ್ಟರ್ ನೇತಾಡುತ್ತಿದೆ. ಮೋಡ ಕಪ್ಪಾದರೆ ಮೊದಲು ಕೀಳುವುದು ಆ ಲ್ಯಾನ್ ವಯರನ್ನೇ.