ಹಿತ್ತಲಿಗೆ ಬ್ಯಾಂಟಮ್ ಕೋಳಿ: ಬಣ್ಣ ಆಮೇಲೆ, ಮೊದಲು ಕಾಲು ನೋಡಿ

ಬ್ಯಾಂಟಮ್ ಎಂಬ ಪುಟ್ಟ ಕೋಳಿ ಸಾಕಬೇಕೆಂದು ಹೊರಟವರು ಮೊದಲು ಮರುಳಾಗುವುದು ಚೆಂದಕ್ಕೆ. ಸೆಬ್ರೈಟ್‌ನ ಒಂದೊಂದು ಗರಿಗೂ ಕಪ್ಪು ಅಂಚು, ಪೆಕಿನ್‌ನ ಉಂಡೆಯಂಥ ಮೈ, ಸಿಲ್ಕಿಯ ಹತ್ತಿಯಂಥ ಪುಕ್ಕ ಯಾರ ಮನಸ್ಸನ್ನಾದರೂ ಸೆಳೆಯುತ್ತವೆ. ಆದರೆ ಕೋಳಿ ತಂದು ಆರು ತಿಂಗಳಾದ ಮೇಲೆ ಅದೂ ನೀವೂ ನೆಮ್ಮದಿಯಾಗಿರುತ್ತೀರೋ ಇಲ್ಲವೋ ಎಂಬುದು ಬೇರೆ ಮೂರು ಸಂಗತಿಗಳ ಮೇಲೆ ನಿಂತಿದೆ: ಕಾಲಿನ ಮೇಲೆ ಗರಿ ಇದೆಯೇ, ಎಷ್ಟು ಎತ್ತರ ಹಾರುತ್ತದೆ, ಎಷ್ಟು ಬೇಗ ಕಾವಿಗೆ ಕೂರುತ್ತದೆ.

ತಳಿಯ ಹೆಸರು ಹುಡುಕುವ ಮೊದಲು ಟೇಪು ಹಿಡಿದು ಹಿತ್ತಲು ಅಳೆಯಿರಿ. ಬ್ಯಾಂಟಮ್ ಒಂದಕ್ಕೆ ಓಡಾಡಲು ಕನಿಷ್ಠ 1 ಚದರ ಮೀಟರ್ ಬೇಕು. ಇಡೀ ದಿನ ಜಾಲರಿಯೊಳಗೇ ಇರುವುದಾದರೆ 1.5ರಿಂದ 2 ಕೊಡಿ. ಇಕ್ಕಟ್ಟಾದರೆ ಬೇಸರಕ್ಕೆ ಒಂದರ ಗರಿ ಒಂದು ಕಿತ್ತುಕೊಳ್ಳಲು ಶುರುಮಾಡುತ್ತವೆ, ಆ ಚಾಳಿ ಹತ್ತಿದರೆ ಬಿಡಿಸುವುದು ಕಷ್ಟ. ನಾಲ್ಕು ಕೋಳಿಗೆ 2 ಮೀಟರ್ ಅಗಲ, 3 ಮೀಟರ್ ಉದ್ದದ ಜಾಗವಿದ್ದರೆ ಆರಾಮ. ರಾತ್ರಿಯ ಗೂಡು 60 ಸೆಂ.ಮೀ.ಗೆ 90 ಸೆಂ.ಮೀ. ಇದ್ದರೆ ಸಾಕು, ಗಾಳಿಕಿಂಡಿ ಮಾತ್ರ ಕೋಳಿಗಳ ತಲೆಗಿಂತ ಮೇಲಿರಲಿ. ಮೊಟ್ಟೆ ಇಡಲು 25 ಸೆಂ.ಮೀ. ಚೌಕದ ಪೆಟ್ಟಿಗೆ, ಮೂರು ನಾಲ್ಕು ಹೇಂಟೆಗೆ ಒಂದು. ಕನಿಷ್ಠ ಮೂರು ಹೇಂಟೆಗಳಿಂದ ಶುರುಮಾಡಿ. ಎರಡೇ ಇದ್ದರೆ, ಒಂದು ಸತ್ತ ದಿನ ಇನ್ನೊಂದು ಒಂಟಿಯಾಗಿ ಕೊರಗುತ್ತದೆ.

ಬ್ಯಾಂಟಮ್ ಎಂಬ ಹೆಸರು ಜಾವಾ ದ್ವೀಪದ ಬಾಂಟೆನ್ ಬಂದರಿನಿಂದ ಬಂದದ್ದು. ಈಗ ಆ ಹೆಸರಿನಡಿ ಎರಡು ಬಗೆಯ ಕೋಳಿಗಳಿವೆ. ಡಚ್ ಬ್ಯಾಂಟಮ್, ಸೆಬ್ರೈಟ್, ಜಪಾನೀಸ್, ಮಲೇಷ್ಯಾದ ಸೆರಾಮಾ ಇವೆಲ್ಲ ಹುಟ್ಟಾ ಚಿಕ್ಕವು, ಇವುಗಳಿಗೆ ದೊಡ್ಡ ರೂಪವೇ ಇಲ್ಲ. ವಯಾಂಡಾಟ್, ಲೆಗ್‌ಹಾರ್ನ್, ಸಸೆಕ್ಸ್, ಆರ್ಪಿಂಗ್ಟನ್ ಮುಂತಾದವು ದೊಡ್ಡ ತಳಿಯನ್ನೇ ಚಿಕ್ಕದಾಗಿಸಿದವು. ಇದು ಬರೀ ವಂಶಾವಳಿಯ ವಿಷಯವಲ್ಲ. ಚಿಕ್ಕದಾಗಿಸಿದ ತಳಿಗಳಲ್ಲಿ ಮೊಟ್ಟೆ ಇಡುವ ಗುಣ ಬಹುಮಟ್ಟಿಗೆ ಉಳಿದುಬಂದಿದೆ. ಹುಟ್ಟಾ ಚಿಕ್ಕ ತಳಿಗಳಲ್ಲಿ ಹಲವನ್ನು ಅಂದಕ್ಕಾಗಿಯೇ ಬೆಳೆಸಲಾಯಿತು.

ಕಾಲು ಮತ್ತು ನೆಲ

ನಿಮ್ಮ ಹಿತ್ತಲಿನಲ್ಲಿ ಮಳೆ ನಿಂತ ಮರುದಿನವೂ ಕೆಸರು ಇರುತ್ತದೆಯೇ? ಹಾಗಿದ್ದರೆ ಪೆಕಿನ್, ಬ್ರಹ್ಮ, ಬೆಲ್ಜಿಯನ್ ಡಿ'ಉಕ್ಲ್‌ನಂಥ ಗರಿಗಾಲಿನ ತಳಿಗಳನ್ನು ಬಿಟ್ಟುಬಿಡಿ. ಬೆರಳ ಗರಿಗೆ ಮೆತ್ತಿದ ಕೆಸರು ಹಿಕ್ಕೆಯ ಜತೆ ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದನ್ನು ಎಳೆದು ಕಿತ್ತರೆ ಹೊಸ ಗರಿ ಮುರಿದು ರಕ್ತ ಸೋರುತ್ತದೆ, ಕೆಲವೊಮ್ಮೆ ಉಗುರೇ ಕಿತ್ತುಬರುತ್ತದೆ. ಪಾದವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬೆರಳಿನಿಂದ ಪುಡಿಮಾಡಿ ಬಿಡಿಸಬೇಕು.

ಗರಿಯ ಮರೆಯಲ್ಲಿ ಇನ್ನೊಂದು ಕಾಟ ಅಡಗಿರುತ್ತದೆ. ಕಾಲಿನ ಹುರುಪೆಯೊಳಗೆ ಕೊರೆದು ಬದುಕುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಹುರುಪೆಗಳು ಮೇಲೆದ್ದು, ಬೂದುಬಣ್ಣಕ್ಕೆ ತಿರುಗಿ, ಕಾಲು ದಪ್ಪಗಾಗುವವರೆಗೂ ಗರಿಗಾಲಿನ ಕೋಳಿಯಲ್ಲಿ ಗೊತ್ತೇ ಆಗುವುದಿಲ್ಲ. ಸೋಪು ನೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ಕಾಲು ತೊಳೆದು, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ. ಗಾಳಿ ಸಿಗದೆ ನುಸಿ ಸಾಯುತ್ತದೆ. ವಾರಕ್ಕೊಮ್ಮೆಯಂತೆ ನಾಲ್ಕು ವಾರ ಬಿಡದೆ ಮಾಡಬೇಕು. ಕಡಿಮೆಯಾಗದಿದ್ದರೆ ಪಶುವೈದ್ಯರಿಗೆ ತೋರಿಸಿ. ಸೀಮೆಎಣ್ಣೆ, ಡೀಸೆಲ್ ಹಚ್ಚಬೇಡಿ, ಚರ್ಮ ಸುಡುತ್ತದೆ.

ಇಷ್ಟೆಲ್ಲ ಹೇಳಿದರೂ ಒಣ ನೆಲ ಇರುವವರಿಗೆ, ಮೇಲೆ ಚಾವಣಿ ಹಾಕಿ ಕೆಳಗೆ 10 ಸೆಂ.ಮೀ. ದಪ್ಪ ಮರಳು ಹಾಸಬಲ್ಲವರಿಗೆ ಪೆಕಿನ್‌ನಷ್ಟು ಸಾಧು ಕೋಳಿ ಸಿಗುವುದು ಅಪರೂಪ. ಮಕ್ಕಳ ಕೈಗೆ ಸಿಗುತ್ತದೆ, ಗರಿಗಾಲಿನಿಂದಾಗಿ ನೆಲ ಕೆದಕುವುದೂ ಕಡಿಮೆ. ಸೊಪ್ಪಿನ ಪಾತಿ ಇರುವ ಹಿತ್ತಲಿಗೆ ಇದು ದೊಡ್ಡ ಲಾಭ. ಬರಿಗಾಲಿನ ಲೆಗ್‌ಹಾರ್ನ್ ಅದೇ ಪಾತಿಯನ್ನು ಒಂದು ಮಧ್ಯಾಹ್ನದಲ್ಲಿ ಬಗೆದು ಹಾಕುತ್ತದೆ.

ಸಿಲ್ಕಿಯ ಕಾಲಿಗೂ ಗರಿ ಇದೆ. ಅದಕ್ಕಿಂತ ಮುಖ್ಯವಾಗಿ, ಅದರ ಪುಕ್ಕದ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಮಳೆನೀರು ಜಾರಿಹೋಗದೆ ಚರ್ಮದವರೆಗೂ ಇಳಿಯುತ್ತದೆ. ಚಾವಣಿಯಿಲ್ಲದ ಹಿತ್ತಲಿಗೆ ಸಿಲ್ಕಿ ತರುವುದು ಆ ಕೋಳಿಗೆ ಮಾಡುವ ಅನ್ಯಾಯ.

ರೆಕ್ಕೆ ಮತ್ತು ಬೇಲಿ

ಹೇಂಟೆ 450 ಗ್ರಾಂ ಆಸುಪಾಸು ತೂಗುವ ಡಚ್ ಬ್ಯಾಂಟಮ್ ಎರಡು ಮೀಟರ್ ಗೋಡೆಯನ್ನು ಸಲೀಸಾಗಿ ದಾಟುತ್ತದೆ. ಸೆಬ್ರೈಟ್ ಕೂಡ ಹಾಗೆಯೇ. ಇವುಗಳಿಗೆ ಬೇಲಿ ಏರಿಸುತ್ತ ಹೋಗುವುದು ವ್ಯರ್ಥ, ಮೇಲೆ ಬಲೆ ಹೊದಿಸಲೇಬೇಕು. ಪೆಕಿನ್, ಸಿಲ್ಕಿಗಳನ್ನು ಒಳಗಿರಿಸಲು ಸೊಂಟದೆತ್ತರದ ಬೇಲಿ ಸಾಕು. ಆದರೆ ಅದೇ ಕಾರಣಕ್ಕೆ ಅವು ಬೆಕ್ಕು, ನಾಯಿಗೆ ಸುಲಭದ ತುತ್ತು. ಇವುಗಳ ಗೂಡಿನಲ್ಲಿ ಕೂರುವ ಕೋಲು ನೆಲದಿಂದ 15–20 ಸೆಂ.ಮೀ. ಮೀರದಿರಲಿ, ಎತ್ತರದಿಂದ ಧುಮುಕಿದರೆ ಪಾದಕ್ಕೆ ಪೆಟ್ಟಾಗಿ ಬಾವು ಬರುತ್ತದೆ.

ಮಧ್ಯಮ ತೂಕದ ವಯಾಂಡಾಟ್, ಸಸೆಕ್ಸ್ ಬ್ಯಾಂಟಮ್‌ಗಳಿಗೆ ಒಂದೇ ಬದಿಯ ರೆಕ್ಕೆಯ ಹತ್ತು ಉದ್ದ ಗರಿಗಳನ್ನು ಕತ್ತರಿಸಿದರೆ ಸಮತೋಲ ತಪ್ಪಿ ಹಾರಾಟ ನಿಲ್ಲುತ್ತದೆ. ಎರಡೂ ಬದಿ ಕತ್ತರಿಸಿದರೆ ಸಮತೋಲ ಹಾಗೇ ಉಳಿಯುತ್ತದೆ, ಕೆಲಸ ಕೆಟ್ಟಂತೆ. ಗರಿಯ ಬುಡ ಕಡುಬಣ್ಣವಾಗಿದ್ದರೆ ಒಳಗೆ ರಕ್ತವಿದೆ ಎಂದರ್ಥ, ಅದನ್ನು ಮುಟ್ಟಬೇಡಿ. ಗರಿ ಉದುರಿ ಹೊಸದು ಬಂದ ಮೇಲೆ ಮತ್ತೆ ಕತ್ತರಿಸಬೇಕಾಗುತ್ತದೆ. ಜಾಲರಿಗೆ 12 ಮಿ.ಮೀ. ಕಣ್ಣಿನ ವೆಲ್ಡ್ ಮೆಶ್ ಬಳಸಿ. ತೆಳು ಷಟ್ಕೋನದ ಬಲೆ ಕೋಳಿಯನ್ನು ತಡೆಯುತ್ತದೆಯೇ ಹೊರತು ಹೆಗ್ಗಣ, ನಾಯಿಯನ್ನಲ್ಲ.

ಯಾವ ಹವಾಮಾನಕ್ಕೆ ಯಾವ ಕೋಳಿ ಎಂಬುದನ್ನು ಜುಟ್ಟು ಹೇಳುತ್ತದೆ. ಕೋಳಿಗೆ ಬೆವರಿಲ್ಲ, ಲೆಗ್‌ಹಾರ್ನ್‌ನಂಥ ದೊಡ್ಡ ಒಂಟಿ ಜುಟ್ಟು ಮೈಯ ಬಿಸಿ ಹೊರಹಾಕಲು ನೆರವಾಗುತ್ತದೆ, ಸೆಕೆಯ ನಾಡಿಗೆ ಒಪ್ಪುತ್ತದೆ. ಹಿಮ ಬೀಳುವಲ್ಲಿ ಅದೇ ಜುಟ್ಟಿನ ತುದಿ ಕಪ್ಪಾಗಿ ಕೊಳೆಯುತ್ತದೆ. ಅಲ್ಲಿಗೆ ವಯಾಂಡಾಟ್‌ನ ತಲೆಗಂಟಿದ ಚಪ್ಪಟೆ ಜುಟ್ಟು ಸರಿ.

ಮೊಟ್ಟೆ ಮತ್ತು ಕಾವು

ಬ್ಯಾಂಟಮ್ ಮೊಟ್ಟೆ ಸಾಮಾನ್ಯವಾಗಿ 30–40 ಗ್ರಾಂ. ದೊಡ್ಡ ಮೊಟ್ಟೆ ಎರಡು ಬೇಕಾದ ಕಡೆ ಇವು ಮೂರು ಬೇಕು. ಒಂದಕ್ಕೆ ದಿನಕ್ಕೆ 50–70 ಗ್ರಾಂ ಆಹಾರ ಸಾಲುತ್ತದೆ, ದೊಡ್ಡ ಕೋಳಿ 110–130 ಗ್ರಾಂ ತಿನ್ನುತ್ತದೆ. ಮೊಟ್ಟೆಯೇ ಮುಖ್ಯವಾದರೆ ಲೆಗ್‌ಹಾರ್ನ್ ಅಥವಾ ವಯಾಂಡಾಟ್ ಬ್ಯಾಂಟಮ್ ಆರಿಸಿ. ಸೆಬ್ರೈಟ್‌ನಿಂದ ವರ್ಷಕ್ಕೆ ನೂರು ಮೊಟ್ಟೆಯನ್ನೂ ನಿರೀಕ್ಷಿಸಬೇಡಿ.

ಲೆಕ್ಕ ತಪ್ಪುವುದು ಹೆಚ್ಚಾಗಿ ಕಾವಿನಿಂದ. ಪೆಕಿನ್, ಸಿಲ್ಕಿ ಹೇಂಟೆಗಳು ಸ್ವಲ್ಪ ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತವೆ. ಕೂತ ಕೋಳಿ ಮೊಟ್ಟೆ ಇಡುವುದಿಲ್ಲ, ಸರಿಯಾಗಿ ತಿನ್ನುವುದೂ ಇಲ್ಲ. ಮರಿ ಬೇಡವೆಂದರೆ ಕೂತ ಮೊದಲ ದಿನವೇ ಎತ್ತಿ, ತಂತಿ ತಳದ ಪಂಜರದಲ್ಲಿ ಹಾಕಿ, ಕೆಳಗೆ ಗಾಳಿ ಆಡುವಂತೆ ನೆಲದಿಂದ ಮೇಲಿಡಿ. ನೀರು, ಆಹಾರ ಒಳಗಿರಲಿ, ಹುಲ್ಲು ಬೇಡ. ಹೊಟ್ಟೆ ತಣ್ಣಗಾದರೆ ಮೂರು ನಾಲ್ಕು ದಿನದಲ್ಲಿ ಕಾವು ಇಳಿಯುತ್ತದೆ. ವಾರ ಸುಮ್ಮನೆ ಬಿಟ್ಟರೆ ಇಳಿಸಲು ಅಷ್ಟೇ ಹೆಚ್ಚು ದಿನ ಹಿಡಿಯುತ್ತದೆ.

ಮರಿ ಮಾಡಿಸುವ ಆಸೆ ಇದ್ದರೆ ಎರಡು ವಿಷಯ ಮೊದಲೇ ತಿಳಿದಿರಲಿ. ಜಪಾನೀಸ್ ಬ್ಯಾಂಟಮ್‌ನ ಗಿಡ್ಡ ಕಾಲಿಗೆ ಕಾರಣವಾದ ಜೀನ್ ಇಬ್ಬರು ತಂದೆತಾಯಿಗಳಿಂದಲೂ ಬಂದರೆ ಮರಿ ಮೊಟ್ಟೆಯಲ್ಲೇ ಸಾಯುತ್ತದೆ. ಗಿಡ್ಡಕಾಲಿನ ಜೋಡಿ ಕಟ್ಟಿದರೆ ನಾಲ್ಕರಲ್ಲಿ ಒಂದು ಹೀಗೆ ಹೋಗುತ್ತದೆ. ಇದು ಕಾವು ಕೊಟ್ಟವರ ತಪ್ಪಲ್ಲ. ಇನ್ನು ವಯಾಂಡಾಟ್ ಮರಿಗಳಲ್ಲಿ ಆಗೊಂದು ಈಗೊಂದು ಒಂಟಿ ಜುಟ್ಟಿನದು ಹುಟ್ಟಿದರೆ ಬೆರಕೆ ಎಂದು ತಳ್ಳಬೇಡಿ. ಶುದ್ಧ ಚಪ್ಪಟೆ ಜುಟ್ಟಿನ ಹುಂಜಗಳಲ್ಲಿ ಫಲವಂತಿಕೆ ಕಡಿಮೆ, ಒಂಟಿ ಜುಟ್ಟಿನ ರಕ್ತ ತುಸು ಇದ್ದರೆ ಒಳ್ಳೆಯದೇ.

ಕೊಳ್ಳುವಾಗ

ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಬ್ಯಾಂಟಮ್ ಹುಂಜದ ಕೂಗು ಸಣ್ಣದಲ್ಲ, ಕೀರಲಾಗಿ ದೂರದವರೆಗೂ ಕೇಳುತ್ತದೆ; ಅಕ್ಕಪಕ್ಕ ಮನೆಗಳಿದ್ದರೆ ಬೇಡ. ಹುಂಜ ಬೇಡವೆಂದರೆ ಮರಿಗಳನ್ನು ಕೊಳ್ಳಬೇಡಿ, ಸುಮಾರು ಅರ್ಧ ಹುಂಜಗಳೇ ಆಗುತ್ತವೆ. ಸಿಲ್ಕಿಯಲ್ಲಂತೂ ನಾಲ್ಕೈದು ತಿಂಗಳವರೆಗೂ ಗಂಡು ಹೆಣ್ಣು ಗುರುತಿಸುವುದು ಕಷ್ಟ. 18–20 ವಾರದ ಹೇಂಟೆಗಳನ್ನೇ ಕೇಳಿ.

ಕೈಗೆತ್ತಿಕೊಂಡು ನೋಡಿ. ಎದೆಮೂಳೆ ಚೂಪಾಗಿ ಚುಚ್ಚಬಾರದು, ಉಸಿರಲ್ಲಿ ಸದ್ದಿರಬಾರದು, ಕಾಲಿನ ಹುರುಪೆ ಚಪ್ಪಟೆಯಾಗಿ ಕೂತಿರಬೇಕು. ರೆಕ್ಕೆಯಡಿ ಮತ್ತು ಹಿಂಬದಿಯ ಪುಕ್ಕ ಬಿಡಿಸಿ ಹೇನು ಹುಡುಕಿ. ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿ ಮಲಗಿದ ಕೋಳಿ ಆ ಗುಂಪಿನಲ್ಲಿ ಕಂಡರೆ ಮ್ಯಾರೆಕ್ಸ್ ಎಂಬ ವೈರಸ್ ಕಾಯಿಲೆಯ ಶಂಕೆ ಇದೆ, ಅಲ್ಲಿಂದ ಒಂದನ್ನೂ ತರಬೇಡಿ. ಸೆಬ್ರೈಟ್, ಸಿಲ್ಕಿಗಳಿಗೆ ಈ ಕಾಯಿಲೆ ಬೇಗ ತಗಲುತ್ತದೆ. ಮರಿ ಹುಟ್ಟಿದ ದಿನವೇ ಲಸಿಕೆ ಹಾಕಿದ್ದಾರೆಯೇ ಎಂದು ಕೇಳಿ. ಮನೆಯಲ್ಲಿ ಬೇರೆ ಕೋಳಿಗಳಿದ್ದರೆ ಹೊಸವನ್ನು ಮೂರರಿಂದ ನಾಲ್ಕು ವಾರ ದೂರದ ಗೂಡಿನಲ್ಲಿಡಿ. ದೊಡ್ಡ ತಳಿಯ ಜತೆ ಬ್ಯಾಂಟಮ್ ಬೆರೆಸುವುದು ಬೇಡ, ಕುಕ್ಕಿಸಿಕೊಂಡು ಆಹಾರವೂ ಸಿಗದೆ ಸೊರಗುತ್ತವೆ.

ಮೊದಲ ಸಲ ಸಾಕುವವರಿಗೆ ನಮ್ಮ ಸಲಹೆ ಮೂರು ವಯಾಂಡಾಟ್ ಬ್ಯಾಂಟಮ್ ಹೇಂಟೆಗಳು. ಬರಿಗಾಲು, ಗಟ್ಟಿ ಮೈ, ಸುಮಾರಾದ ಹಾರಾಟ, ಒಳ್ಳೆಯ ಮೊಟ್ಟೆ. ಗರಿ ದಟ್ಟವಾದ್ದರಿಂದ ಬಿಸಿಲೂರಿನಲ್ಲಿ ದಿನವಿಡೀ ನೆರಳು, ತಣ್ಣೀರು ಬೇಕು ಎಂಬುದೊಂದೇ ಷರತ್ತು. ನೆಲ ಒಣಗಿದ್ದು ಚಾವಣಿಯೂ ಇದ್ದರೆ ಪೆಕಿನ್.

ಇಷ್ಟಾದ ಮೇಲೆ ಬಣ್ಣ. ಬಿಳಿ ಗರಿ ಬಿಸಿಲಿಗೆ ಹಳದಿ ಬೀರುತ್ತದೆ, ಬಫ್ ಎಂಬ ಹೊಂಬಣ್ಣ ಮಾಸುತ್ತದೆ. ಲ್ಯಾವೆಂಡರ್ (ತಿಳಿ ನೀಲಿಬೂದು) ಬಣ್ಣದ ಕೋಳಿಗಳಲ್ಲಿ ಗರಿಯ ಅಂಚು ಹರಿದಂತೆ ಕಾಣುವ ದೋಷ ಬಣ್ಣದ ಜತೆಗೇ ಬರುವುದುಂಟು, ಕೊಳ್ಳುವ ಮೊದಲು ಬೆನ್ನಿನ ಗರಿ ಬಿಡಿಸಿ ನೋಡಿ.